ಹೇಗೆ ಗೊತ್ತು ಎಂಬ ಕಾಲಂ

ಮೇಡಂ ಅವರ ಬಲ ಮಣಿಕಟ್ಟಿಗೆ ಸದಾ ಒಂದು ಕ್ರೇಪ್ ಬ್ಯಾಂಡೇಜು ಸುತ್ತಿರುತ್ತಿತ್ತು. ಅದೇ ಕೈಯಲ್ಲಿ ಮೌಸ್. ಅಂಗೈ ಕೆಳಗೆ ಟ್ರೇಸಿಂಗ್ ಪೇಪರಿನ ಒಂದು ಚೌಕ ತುಂಡು. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ನಕ್ಷೆಗಳ ಪ್ರತಿ ಎಳೆಯುವ ಟ್ರೇಸರ್ ಆಗಿದ್ದಾಗ ಕೈಬೆವರು ಹಾಳೆಗೆ ತಾಗದಿರಲೆಂದು ಇಟ್ಟುಕೊಳ್ಳುತ್ತಿದ್ದ ಅಭ್ಯಾಸ. ಕಂಪ್ಯೂಟರಿನ ಮುಂದೆ ಅದರ ಅಗತ್ಯವೇ ಇರಲಿಲ್ಲ. ಕೇಳಿದರೆ, "ಇದಿಲ್ದಿದ್ರೆ ಕೈ ನನ್ನ ಮಾತು ಕೇಳಲ್ಲ ಕಣೋ" ಎನ್ನುತ್ತಿದ್ದರು.

ಮೂರು ವಾರದ ಹಿಂದೆ ಹಳೆಯ ಸಹೋದ್ಯೋಗಿ ಫೋನ್ ಮಾಡಿ, "ಮೇಡಂ ಹೋಗ್ಬಿಟ್ರು ಮಗಾ" ಎಂದಾಗ ನಾನು ಬೆಳ್ಳಂದೂರಿನ ಸಿಗ್ನಲ್ಲಿನಲ್ಲಿ, ಕಂಪನಿಯ ಬಸ್ಸಿನೊಳಗೆ, ಮುಕ್ಕಾಲು ಗಂಟೆಯಿಂದ ಒಂದೇ ಜಾಗದಲ್ಲಿ ಕೂತಿದ್ದೆ. ಮೊದಲು ನೆನಪಾದದ್ದು ಆ ಕಾಗದದ ತುಂಡು. ಮುಖ ಆಮೇಲೆ ಬಂತು. ಅದರ ಹಿಂದೆಯೇ, ಇಷ್ಟು ವರ್ಷ ನಾನು ಅವರಿಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತು ನೆನಪಾಯಿತು. ಇನ್ನು ಅದನ್ನು ಕೇಳಲು ಅವರಿರಲಿಲ್ಲ.

ನಾನು ದಾವಣಗೆರೆಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಬಂದು ದಾಸರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ಕಾಲ ಅದು. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದವು. ಜೇಬಿನಲ್ಲಿ ನಕ್ಷೆ ಇಟ್ಟುಕೊಂಡು ಓಡಾಡುವ ಕಾಲ ಇನ್ನೂ ಬಂದಿರಲಿಲ್ಲ. ಜಾಲಹಳ್ಳಿ ಕ್ರಾಸಿನ ಹತ್ತಿರ ಒಂದು ಬೇಕರಿಯ ಮೇಲೆ ಮೂರು ಕೋಣೆ, ಹನ್ನೆರಡು ಜನ, ಹದಿಮೂರು ಕಂಪ್ಯೂಟರು. ಹದಿಮೂರನೆಯದು ಯಾವಾಗಲೂ ಕೆಟ್ಟಿರುತ್ತಿತ್ತು. ಹಳೆಯ ಕಾಗದದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಗೆರೆ ಎಳೆದು, ಜಿಐಎಸ್ ಎಂಬ ಗಣಕ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಹೊಸಬರಿಗೆ ಪಾಠ ಹೇಳುವುದು, ಎಲ್ಲರ ಕೆಲಸವನ್ನೂ ತಪಾಸಣೆ ಮಾಡಿ ಸಹಿ ಹಾಕುವುದು, ಎರಡೂ ಮೇಡಂ ಪಾಲಿಗಿದ್ದವು. ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತಗೊಂಡು, ನಲವತ್ತಾರನೆಯ ವಯಸ್ಸಿನಲ್ಲಿ ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತವರು ಅವರು.

ಮೊದಲ ದಿನ ನನ್ನನ್ನು ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ನಾಲ್ಕು ಟ್ರೇಸಿಂಗ್ ಹಾಳೆ ತಂದು ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದರು. ಒಂದರಲ್ಲಿ ರಸ್ತೆ, ಒಂದರಲ್ಲಿ ಸೈಟು, ಒಂದರಲ್ಲಿ ನೀರಿನ ಪೈಪು, ಒಂದರಲ್ಲಿ ಕರೆಂಟಿನ ಕೇಬಲ್ಲು. ನಾಲ್ಕು ಮೂಲೆಗೂ ಗುಂಡುಸೂಜಿ ಚುಚ್ಚಿದರು.

"ಪೈಪಿನ ಹಾಳೆ ತೆಗೀತೀನಿ. ರಸ್ತೆ ಅಲ್ಲಾಡ್ತಾ?"

"ಇಲ್ಲ ಮೇಡಂ."

"ಇದೇ ಲೇಯರ್ ಅಂದ್ರೆ. ಈಗ ಸೂಜಿ ಕಿತ್ತು ಹಾಕ್ತೀನಿ. ಈಗ ಪೈಪು ಯಾರ ಮನೆ ಅಡಿಗೆಮನೇಲಿ ಹೋಗ್ತಿದೆ ನೋಡು."

ನಕ್ಕೆ. ಅವರು ನಗಲಿಲ್ಲ. "ಸೂಜಿ ಚುಚ್ಚಿದ ಜಾಗ ನಾಲ್ಕೂ ಹಾಳೇಲಿ ಒಂದೇ ಆಗಿರ್ಬೇಕು. ನಾವು ಭೂಮಿ ಮೇಲೆ ಎಲ್ಲಿದೀವಿ ಅಂತ ಮೊದ್ಲು ಕಂಪ್ಯೂಟರ್‌ಗೆ ಹೇಳು, ಆಮೇಲೆ ಗೆರೆ ಎಳಿ" ಎಂದರು. ಆಮೇಲೆ ಚುಕ್ಕಿ, ಗೆರೆ, ಮುಚ್ಚಿದ ಗೆರೆ. ಪೈಪಿನ ವಾಲ್ವು ಇರುವ ಮುಚ್ಚಳದ ಗುಂಡಿ, ಅಂದರೆ ಚೇಂಬರ್, ಒಂದು ಚುಕ್ಕಿ, ಪೈಪು ಒಂದು ಗೆರೆ, ಸೈಟು ಮುಚ್ಚಿದ ಗೆರೆ. ಗೆರೆಯ ತುದಿಗೆ ತುದಿ ಕೂಡದಿದ್ದರೆ, "ಇಲ್ಲಿ ನೀರು ಸೋರ್ತಿದೆ ಗುರು" ಎಂದು ಪರದೆಯನ್ನು ಬೆರಳಿನಿಂದ ಕುಟ್ಟುತ್ತಿದ್ದರು. ಕಣ್ಣಿಗೆ ಕೂಡಿದಂತೆಯೇ ಕಾಣುತ್ತಿದ್ದ ಗೆರೆಗಳನ್ನು ದೊಡ್ಡದು ಮಾಡಿ ನೋಡಿದರೆ ನಡುವೆ ಒಂದು ಲಾರಿ ಹೋಗುವಷ್ಟು ಜಾಗ ಇರುತ್ತಿತ್ತು.

ಭೂಮಿ ಮೇಲೆ ಎಲ್ಲಿದ್ದೇವೆಂದು ಹೇಳುವುದನ್ನು ಮರೆತರೆ ಸಾಫ್ಟ್‌ವೇರು ನಮ್ಮ ಇಡೀ ಕೆಲಸವನ್ನು ಎತ್ತಿಕೊಂಡು ಹೋಗಿ ಸೊನ್ನೆ ಡಿಗ್ರಿ ಅಕ್ಷಾಂಶಕ್ಕೆ ಸೊನ್ನೆ ಡಿಗ್ರಿ ರೇಖಾಂಶ ಸೇರುವ ಕಡೆ, ಆಫ್ರಿಕಾದ ಪಕ್ಕದ ಸಮುದ್ರದಲ್ಲಿ, ಹಾಕಿಬಿಡುತ್ತದೆ. ಪ್ರತಿ ಹೊಸಬನೂ ಒಮ್ಮೆ ಇದನ್ನು ಮಾಡಿಯೇ ಮಾಡುತ್ತಿದ್ದ. ಸಮುದ್ರಕ್ಕೆ ಬಿದ್ದವರು ಕೆಳಗಿನ ಬೇಕರಿಯಿಂದ ಎಲ್ಲರಿಗೂ ಖಾರಾ ಬನ್ ತರಬೇಕೆಂಬುದು ಅವರು ಮಾಡಿಟ್ಟಿದ್ದ ಕಾನೂನು. ನಾನು ಮೂರು ಸಲ ತಂದೆ. ಮೂರನೆಯ ಸಲ ಬನ್ ಮುರಿಯುತ್ತಾ, "ನಿನಗೆ ಈಜು ಬರತ್ತೇನೋ?" ಎಂದು ಕೇಳಿದರು. ಆ ಆಫೀಸಿನಲ್ಲಿ ನಾವು ನಕ್ಕದ್ದೆಲ್ಲ ಬಹುಪಾಲು ಆ ಬನ್ನಿನ ಸುತ್ತಲೇ.

ಉಳಿದಂತೆ ಅಲ್ಲಿದ್ದದ್ದು ಸುಸ್ತು. ವಾರಕ್ಕೆ ಆರು ದಿನ, ದಿನಕ್ಕೆ ಇಷ್ಟು ಗೆರೆ ಎಂಬ ಲೆಕ್ಕ. ಸಂಜೆ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಸೈಟುಗಳು ಓಡುತ್ತಿದ್ದವು. ಅವರ ಮಣಿಕಟ್ಟು ಊದಿಕೊಂಡು ಬ್ಯಾಂಡೇಜಿನ ಅಂಚಿನಲ್ಲಿ ಉಬ್ಬುತ್ತಿತ್ತು. ಆದರೂ ಯಾವ ಕೆಲಸವನ್ನು ಸೇವ್ ಮಾಡುವ ಮೊದಲೂ ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಪರದೆ ನೋಡುತ್ತಿದ್ದರು. ದಿನಕ್ಕೆ ನೂರು ಸಲವಾದರೂ ಸರಿಯೆ. "ಇದು ನಿಜಾನಾ ಅಂತ ಸಾಫ್ಟ್‌ವೇರ್ ಕೇಳಲ್ಲ ಕಣೋ. ಸೇವ್ ಮಾಡ್ಲಾ ಅಂತ ಮಾತ್ರ ಕೇಳತ್ತೆ" ಎಂದು ಮೊದಲ ದಿನವೇ ಹೇಳಿದ್ದರು.

ಪೀಣ್ಯದ ಆಚೆಗಿನ ಒಂದು ಸಣ್ಣ ಕೈಗಾರಿಕಾ ಬಡಾವಣೆಯ ಮಾಲೀಕರ ಸಂಘ ನಮಗೆ ಕೆಲಸ ಕೊಟ್ಟಿತು. ನೆಲದೊಳಗಿನ ನೀರಿನ ಪೈಪುಗಳದ್ದೆಲ್ಲ ನಕ್ಷೆ ಆಗಬೇಕು. ಯಾವ ಪೈಪು, ಎಷ್ಟು ದಪ್ಪ, ಎಷ್ಟು ಆಳ. ಹೊಸ ಕೇಬಲ್ ಹಾಕಲು ಅಗೆಯುವವರು ನಕ್ಷೆ ನೋಡಿ ಅಗೆಯಬೇಕು. ನಕ್ಷೆಯ ಒಂದು ಚುಕ್ಕಿ ಒತ್ತಿದರೆ ಅದರ ಹಿಂದಿನ ಪಟ್ಟಿಯಲ್ಲಿ ಒಂದು ಸಾಲು ತೆರೆದುಕೊಳ್ಳುತ್ತದೆ. ಈ ವಿವರಗಳೆಲ್ಲ ಆ ಸಾಲಿನ ಕಾಲಂಗಳಲ್ಲಿ ಇರುತ್ತವೆ. ಸಂಘದವರು ಕೇಳಿದ್ದು ಆರು ಕಾಲಂ. ಮೇಡಂ ಏಳನೆಯದೊಂದನ್ನು ತಾವೇ ಸೇರಿಸಿದರು. ಅದರ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಹೇಗೆ ಗೊತ್ತು" ಎಂದು ಬರೆದರು.

ಅಲ್ಲಿ ಒಂದು ಎಂದು ಬರೆದರೆ ಹಳೆಯ ಡ್ರಾಯಿಂಗಿನಲ್ಲಿ ಇದೆ ಎಂದು ಅರ್ಥ. ಎರಡು ಎಂದರೆ ಹೋಗಿ, ಮುಚ್ಚಳ ಎತ್ತಿಸಿ, ಟೇಪು ಇಳಿಸಿ ಅಳೆದದ್ದು. ಮೂರು ಎಂದರೆ ಯಾರೋ ಹೇಳಿದ್ದು. ಮೂರು ಬರೆದರೆ ಪಕ್ಕದಲ್ಲಿ ಹೇಳಿದವರ ಹೆಸರೂ ಇರಬೇಕು. ಒಂಬತ್ತು ಎಂದರೆ ಗೊತ್ತಿಲ್ಲ. ಎರಡು ಇದ್ದ ಕಡೆ ಜೆಸಿಬಿ ಹಾಕಬಹುದು. ಉಳಿದ ಕಡೆ ಮೊದಲು ಕೈಯಲ್ಲಿ ಅಗೆದು ನೋಡಬೇಕು. ಇದನ್ನು ಸಂಘದವರಿಗೂ ಬರೆದು ಕೊಟ್ಟಿದ್ದರು.

ಮ್ಯಾನೇಜರಿಗೆ ಈ ಏಳನೆಯ ಕಾಲಂ ಕಂಡರೆ ಆಗುತ್ತಿರಲಿಲ್ಲ. "ನೈನ್ ಜಾಸ್ತಿ ಆಯ್ತು ಮೇಡಂ. ಕ್ಲೈಂಟ್ ಏನಂದ್ಕೊಳ್ತಾರೆ? ಗೊತ್ತಿಲ್ಲ ಅಂತ ಹೇಳಕ್ಕೆ ನಮಗ್ಯಾಕೆ ಕೆಲಸ ಕೊಡ್ಬೇಕು?"

"ಗೊತ್ತಿಲ್ದೇ ಇರೋದನ್ನ ಏನಂತ ಬರೀಲಿ ಸಾರ್?"

"ಏನಾದ್ರೂ ಮಾಡಿ, ಕಡಿಮೆ ಮಾಡಿ."

ಅವರು ಮಾಡಿದ್ದು ಇಷ್ಟೇ: ಶನಿವಾರಗಳಂದು ಊಟದ ಡಬ್ಬಿ, ಟೇಪು, ಒಂದು ಟಾರ್ಚು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವುದು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಆ ಬಡಾವಣೆಗೆ ನೀರು ಬಿಡುವ ವಾಟರ್‌ಮನ್ ಒಬ್ಬರಿದ್ದರು, ಕುಣಿಗಲ್ ಕಡೆಯವರು. ಹಳೆಯ ಡ್ರಾಯಿಂಗನ್ನು ಅವರಿಗೆ ತೋರಿಸಿದರೆ ಒಂದು ಕ್ಷಣ ನೋಡಿ, "ಅಂಗಲ್ಲ ಮೇಡಂ, ಇಂಗೆ ತಿರುಗ್ತದೆ" ಎಂದು ಕಾಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಮೇಡಂ ಮೂರು ಬರೆದು ಅವರ ಹೆಸರು ಹಾಕುತ್ತಿದ್ದರು. ಆಮೇಲೆ ಮುಚ್ಚಳ ಎತ್ತಿಸಿ ಅಳೆದು, ಎರಡು ಮಾಡುತ್ತಿದ್ದರು. "ನಾನೇ ಏಳಿದ್ನಲ್ಲ ಮೇಡಂ, ಮತ್ಯಾಕೆ ಅಳೀತೀರಾ?" ಎಂದು ಅವರು ಬೇಜಾರು ಮಾಡಿಕೊಂಡರೆ, "ನೀವು ಹೇಳಿದ್ದು ಸರೀನೇ ಇದೆ ಅಣ್ಣ, ಅದಕ್ಕೇ ಅಳೀತಿದೀನಿ" ಎನ್ನುತ್ತಿದ್ದರು ಮೇಡಂ. ಅದು ಸಮಾಧಾನವೋ ತಮಾಷೆಯೋ ಅವರಿಗೆ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಏಪ್ರಿಲ್ಲಿನ ಒಂದು ಶನಿವಾರ ಮೇಡಂಗೆ ಜ್ವರ. ನನ್ನೊಬ್ಬನನ್ನೇ ಕಳಿಸಿದರು. ಒಂದೇ ಬೀದಿಯಲ್ಲಿ ಮೂರು ಚೇಂಬರ್. ಮೊದಲನೆಯದು ನಾಲ್ಕು ಅಡಿ ಆಳ, ಎರಡನೆಯದೂ ನಾಲ್ಕು ಅಡಿ. ಮೂರನೆಯದರ ಮೇಲೆ ಒಂದು ಲೇತ್ ಶೆಡ್ಡಿನವರು ಕಬ್ಬಿಣದ ಚೂರುಗಳ ರಾಶಿ ಹಾಕಿದ್ದರು. "ಊಟ ಆದ್ಮೇಲೆ ಬಾ ತಮ್ಮ, ಜನ ಕರ್ಕಂಡು ಎತ್ತುಸ್ತೀನಿ" ಎಂದರು ವಾಟರ್‌ಮನ್. ನಾನು ನೆರಳಿನಲ್ಲಿ ನಿಂತು ಕಾದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ದಾಸರಹಳ್ಳಿ ಕಡೆಯ ಬಸ್ಸು ಎದುರಿಗೇ ಬಂದು ನಿಂತಿತು. ಹತ್ತಿಬಿಟ್ಟೆ.

ಸಿನಿಮಾಕ್ಕೆ ಹೋಗಿದ್ದರೆ, ಯಾರನ್ನಾದರೂ ನೋಡಲು ಹೋಗಿದ್ದರೆ, ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ನಾನು ರೂಮಿಗೆ ಹೋಗಿ ಫ್ಯಾನ್ ಕೆಳಗೆ ಮಲಗಿ ನಿದ್ದೆ ಮಾಡಿದೆ. ಸೋಮವಾರ ಮೂರನೆಯ ಚೇಂಬರಿನ ಸಾಲಿನಲ್ಲೂ ನಾಲ್ಕು ಅಡಿ ಎಂದು ಬರೆದು, ಏಳನೆಯ ಕಾಲಂನಲ್ಲಿ ಎರಡು ಹಾಕಿದೆ. ಮೂರೋ ಒಂಬತ್ತೋ ಹಾಕಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಬೇಕಾಗುತ್ತಿತ್ತು, ಅಷ್ಟೇ. ಮೇಡಂ ಸಾಲು ನೋಡಿದರು, ಕನ್ನಡಕ ಒರೆಸಿಕೊಂಡರು, ತಪಾಸಣೆ ಮಾಡಿದವರ ಕಾಲಂನಲ್ಲಿ ತಮ್ಮ ಹೆಸರಿನ ಅಕ್ಷರಗಳನ್ನು ಒತ್ತಿದರು. ಎರಡು ಎಂದಿದ್ದ ಸಾಲುಗಳಲ್ಲಿ ಅಳೆದವನ ಹೆಸರು ಇರುವುದಿಲ್ಲ. ತಪಾಸಣೆ ಮಾಡಿದವರ ಹೆಸರೇ ಹೊಣೆ.

ಎರಡು ತಿಂಗಳ ಮೇಲೆ ಆ ಬೀದಿಯಲ್ಲಿ ಕೇಬಲ್ಲಿಗೆಂದು ಜೆಸಿಬಿ ಹಾಕಿದರು. ನಕ್ಷೆಯಲ್ಲಿ ಎರಡು ಎಂದಿತ್ತಲ್ಲ, ಧೈರ್ಯವಾಗಿ ಅಗೆದರು. ಪೈಪು ನಾಲ್ಕು ಅಡಿಯಲ್ಲಿ ಇರಲಿಲ್ಲ, ಅದಕ್ಕೂ ಬಹಳ ಮೇಲೆಯೇ ಇತ್ತು. ಒಡೆಯಿತು. ಬೀದಿಯ ತುದಿಯಲ್ಲಿ ಯಾದಗಿರಿ ಕಡೆಯ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿದ್ದವು. ಅವಕ್ಕೆಲ್ಲ ನೀರು ನುಗ್ಗಿತು. ಮಾರನೆಯ ದಿನ ಬೆಳಿಗ್ಗೆ ಮ್ಯಾನೇಜರು ಮೇಡಂ ಜೊತೆ ನನ್ನನ್ನೂ ಕರೆದುಕೊಂಡು ಹೋದರು. ಕೌದಿಗಳನ್ನು ಕಾಂಪೌಂಡಿನ ಮೇಲೆ ಒಣಹಾಕಿದ್ದರು. ಒಬ್ಬ ಹೆಂಗಸು ನೆನೆದ ಅಕ್ಕಿಯನ್ನು ಚಾಪೆಯ ಮೇಲೆ ಹರವುತ್ತಾ, ನಮ್ಮ ಕಡೆ ತಲೆ ಎತ್ತದೆ, "ನಕಾಶಾ ನೋಡೇ ತೋಡ್ಯಾರಂತ್ರೀ. ಯಾರು ಬರದಿದ್ರೋ ಏನೋ, ನಮ್ಮ ಶೆಡ್ಡು ಕಂಡಿದ್ದಿಲ್ಲ ಅವರಿಗೆ" ಎಂದಳು. ನಾನು ಮೇಡಂ ಹಿಂದೆ ಸರಿದು ನಿಂತೆ.

ಆಫೀಸಿಗೆ ವಾಪಸು ಬಂದ ಮೇಲೆ ಅವರು ನನ್ನನ್ನು ತಮ್ಮ ಕಂಪ್ಯೂಟರಿನ ಹತ್ತಿರ ಕರೆದರು. ಆ ಸಾಲು ತೆರೆದಿತ್ತು.

"ಅವತ್ತು ಮೂರನೇ ಚೇಂಬರ್‌ಗೆ ಹೋಗಿದ್ಯಾ?"

"ಹೂಂ ಮೇಡಂ."

"ಮುಚ್ಚಳ ಎತ್ತಿಸಿದ್ಯಾ?"

"ಎತ್ತಿಸಿದ್ದೆ ಮೇಡಂ."

"ನೀನೇ ಅಳೆದ್ಯಾ?"

"ಹೂಂ ಮೇಡಂ. ನಾಲ್ಕು ಅಡಿ ಇತ್ತು."

ಅವರು ನನ್ನ ಮುಖ ನೋಡಿದರು. ಅವರ ಕಣ್ಣುಗಳೂ ದಣಿದಿದ್ದವು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಂಡರು. "ಸರಿ, ಹೋಗು" ಎಂದರು. ಆಮೇಲೆ ಪರದೆಯ ಕಡೆ ತಿರುಗಿದರು.

ಮಧ್ಯಾಹ್ನ ಸಂಘದಿಂದ ಇಬ್ಬರು ಬಂದರು. ತಪ್ಪು ಮಾಡಿದವರನ್ನು ಈ ಕೆಲಸದಿಂದ ತೆಗೆಯದಿದ್ದರೆ ಇಡೀ ಕೆಲಸವನ್ನೇ ವಾಪಸು ತಗೊಳ್ಳುತ್ತೇವೆ ಎಂದು ಪಟ್ಟು ಹಿಡಿದರು. ಮ್ಯಾನೇಜರು, "ಇದು ಯಾರು ಮಾಡಿದ್ದು?" ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿದರು. ನಾನು ಎರಡು ಕುರ್ಚಿ ಆಚೆ ಕೂತಿದ್ದೆ. ಬಾಯಿ ತೆರೆದಿದ್ದೆನೆಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

"ಚೆಕ್ ಮಾಡಿದ್ದು ನಾನು" ಎಂದರು ಮೇಡಂ.

ಆ ವಾರದ ಕೊನೆಗೆ ಅವರು ಕೆಲಸ ಬಿಟ್ಟು ಹೋದರು. ಹೋಗುವ ದಿನ ಯಾರೂ ಸಮುದ್ರಕ್ಕೆ ಬೀಳದಿದ್ದರೂ ಅವರೇ ಎಲ್ಲರಿಗೂ ಖಾರಾ ಬನ್ ತರಿಸಿದರು. ನನ್ನ ಮೇಜಿನ ಮೇಲೂ ಒಂದಿಟ್ಟು, "ತಿನ್ನೋ, ಆರಿಹೋಗತ್ತೆ" ಎಂದರು. ನಾನು ಅದನ್ನು ತಿಂದೆ. ಈ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಅವರು ಮನೆಯಲ್ಲೇ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದಾರೆಂದು ಕೇಳಿದೆ. ಒಂದೇ ಒಂದು ಸಲ, ನಾಲ್ಕೈದು ವರ್ಷದ ನಂತರ, ಜಾಲಹಳ್ಳಿ ಕಡೆಯ ಬಸ್ಸಿನಲ್ಲಿ ಸಿಕ್ಕಿದರು. ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನಾನಾಗ ದೊಡ್ಡ ಕಂಪನಿ ಸೇರಿ, ನೋವಿಗೆಂದು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದೆ. "ಮಾನಿಟರ್ ಕೆಳಗೆ ಎರಡು ದಪ್ಪ ಪುಸ್ತಕ ಇಡು, ಕತ್ತು ಬಗ್ಗಿಸ್ಬೇಡ" ಎಂದರು. "ಮೇಡಂ, ಅವತ್ತು ನಾನು..." ಎಂದು ಶುರು ಮಾಡಬೇಕೆಂದುಕೊಂಡೆ. ಗೊರಗುಂಟೆಪಾಳ್ಯ ಬಂತು. ಇಳಿದುಕೊಂಡೆ. ನಾನು ಇಳಿಯಬೇಕಾಗಿದ್ದದ್ದು ಇನ್ನೂ ಎರಡು ಸ್ಟಾಪ್ ಮುಂದೆ.

ಅವರು ಹೋದ ಸುದ್ದಿ ಹೇಳಿದ ಆ ಸಹೋದ್ಯೋಗಿ ಈಗ ಆ ಬೇಕರಿ ಮೇಲಿನ ಆಫೀಸಿನ ಮಾಲೀಕ. ಫೋನ್ ಇಡುವ ಮೊದಲು ಅವನೇ ಹೇಳಿದ: "ಆ ಪೀಣ್ಯದ ಪೈಪ್ ಮ್ಯಾಪ್ ಮತ್ತೆ ಬಂದಿದೆ ಮಗಾ, ಅಪ್‌ಡೇಟ್ ಮಾಡ್ಬೇಕಂತೆ. ಸಂಘದೋರ ಹತ್ರ ಮೇಡಂ ಕೊಟ್ಟಿದ್ದ ಕೊನೇ ಸಿಡಿ ಹಾಗೇ ಇದೆ. ಶನಿವಾರ ಬಂದು ಸ್ವಲ್ಪ ಚೆಕ್ ಮಾಡ್ಕೊಡ್ತೀಯಾ?" ಬರುತ್ತೇನೆಂದೆ. ಒಂದು ಸಾಲು ನೋಡಬೇಕಿತ್ತು.

ಶನಿವಾರ ಆ ಸಿಡಿ ಹಾಕಿದಾಗ ನಕ್ಷೆಯ ಬಣ್ಣಗಳು ಮಾಸದೆ ಹಾಗೆಯೇ ತೆರೆದುಕೊಂಡವು. ಬೀದಿ ಹುಡುಕಿ ಮೂರನೆಯ ಚೇಂಬರಿನ ಚುಕ್ಕಿ ಒತ್ತಿದೆ. ಆಳ: ನಾಲ್ಕು ಅಡಿ. ಹೇಗೆ ಗೊತ್ತು ಕಾಲಂನಲ್ಲಿ ನಾನು ಬರೆದ ಎರಡು ಇರಲಿಲ್ಲ. ಮೂರು ಎಂದಿತ್ತು. ಪಕ್ಕದಲ್ಲಿ, ಹೇಳಿದವರ ಹೆಸರಿನ ಜಾಗದಲ್ಲಿ, ನನ್ನ ಹೆಸರು. ಕೊನೆಯ ಸಲ ತಿದ್ದಿದ ತಾರೀಖು ಪೈಪು ಒಡೆದ ಮಾರನೆಯ ದಿನದ್ದು. ನಾನು ಅವರ ಮುಂದೆ ನಿಂತು ಮೂರು ಸಲ ಹೌದೆಂದ ದಿನ.

ಅಂದರೆ ಅವರಿಗೆ ಆಗಲೇ ಗೊತ್ತಾಗಿತ್ತು. ಸರಿ, ಹೋಗು ಎಂದು ತಿರುಗಿ, ನಾನು ನನ್ನ ಕುರ್ಚಿಗೆ ಹೋಗಿ ಕೂರುವಷ್ಟರಲ್ಲಿ, ಅಳೆದದ್ದು ಎಂಬುದನ್ನು ಹೊಡೆದುಹಾಕಿ ಯಾರೋ ಹೇಳಿದ್ದು ಎಂದು ಮಾಡಿದ್ದರು. ಮಧ್ಯಾಹ್ನ ಸಂಘದವರ ಮುಂದೆ ಆ ಸಾಲು ತೆರೆದು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಹಾಗೆಂದು ನನ್ನ ಸುಳ್ಳಿಗೆ ಎರಡು ಎಂಬ ಬೆಲೆಯನ್ನೂ ಉಳಿಸಲಿಲ್ಲ. ನಾನು ತಲೆ ಮೇಜಿನ ಮೇಲಿಟ್ಟು ಬಹಳ ಹೊತ್ತು ಕೂತೆ. ಅತ್ತೆನೆಂದು ಹೇಳಲು ಸಂಕೋಚವಿಲ್ಲ.

ಮುಂದಿನ ಶನಿವಾರ ಆ ಬೀದಿಗೆ ಹೋದೆ. ತಗಡಿನ ಶೆಡ್ಡುಗಳಿದ್ದ ಕಡೆ ಗೋಡೌನು ಎದ್ದಿದೆ. ಚೇಂಬರಿನ ಮೇಲೆ ಈಗ ಕಬ್ಬಿಣದ ಚೂರಿನ ಬದಲು ಟೀ ಅಂಗಡಿಯ ಬೆಂಚು. ವಾಟರ್‌ಮನ್ ಹೊಸಬರು. ಊಟ ಆದ ಮೇಲೆ ಬನ್ನಿ ಎಂದರು ಅವರೂ. ನಾನು ಅದೇ ಬೆಂಚಿನ ಮೇಲೆ ಕೂತು ಕಾದೆ. ಎರಡು ಬಸ್ಸು ಬಂದು ಹೋದವು. ಮೂರು ಗಂಟೆಗೆ ಮುಚ್ಚಳ ಎತ್ತಿಸಿ, ಬಗ್ಗಿ, ಟೇಪು ಇಳಿಸಿದೆ. ಒಂದೂವರೆ ಅಡಿ.

ಆಫೀಸಿಗೆ ಬಂದು ಹೊಸ ಸಾಲು ಸೇರಿಸಿದೆ. ಆಳ: ಒಂದೂವರೆ ಅಡಿ. ಹೇಗೆ ಗೊತ್ತು: ಎರಡು. ಹಳೆಯ ಸಾಲನ್ನು ಅಳಿಸಬಾರದು ಎಂಬುದು ಅವರ ನಿಯಮ. ಮೂರು ಎಂಬ ಅಂಕಿ, ನನ್ನ ಹೆಸರು, ಅವರ ತಾರೀಖು, ಎಲ್ಲ ಹಾಗೆಯೇ ಬಿಟ್ಟೆ. ಅದರ ಕೊನೆಯಲ್ಲಿ ಷರಾ ಕಾಲಂ ಖಾಲಿ ಇತ್ತು. ಅವರು ಏನನ್ನೂ ಬರೆದಿರಲಿಲ್ಲ. ಈ ಫೈಲು ಸೋಮವಾರ ಗೆಳೆಯ ನೋಡುತ್ತಾನೆ, ಆಮೇಲೆ ಸಂಘದವರೂ ನೋಡುತ್ತಾರೆ. ಆ ಪಟ್ಟಿ ಕನ್ನಡ ಲಿಪಿಯನ್ನು ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಬರೆದೆ: ಇವನು ಹೇಳಿದ್ದು ಸುಳ್ಳು, ಇವನು ಹೋಗಿರಲಿಲ್ಲ.

ಸೇವ್ ಮಾಡಲೇ ಎಂದು ಸಾಫ್ಟ್‌ವೇರು ಕೇಳಿತು. ಹೌದು ಎಂದು ಒತ್ತಿದೆ.